ನೋವಿಲ್ಲದ ದಿನ ಮಾಡಿದ ಫೋನು

ಮಸ್ಕಿ
17 ನವೆಂಬರ್ 2025, ಸೋಮವಾರ ಬೆಳಿಗ್ಗೆ

ಮುದ್ದಿನ ಮಗಳು ಗಾಯತ್ರಿಗೆ,

ನಿನ್ನ ಕಾಲು ಹೇಗಿದೆ? ಪ್ಲಾಸ್ಟರ್ ಬಿಚ್ಚಲು ಇನ್ನೂ ಮೂರು ವಾರ ಬೇಕು ಎಂದು ಅಳಿಯಂದಿರು ಹೇಳಿದರು. ಒಳಗೆ ತುರಿಸಿದರೆ ಕಡ್ಡಿ ತೂರಿಸಬೇಡ. ಚಿಕ್ಕಂದಿನಲ್ಲಿ ಕೈ ಮುರಿದುಕೊಂಡಾಗ ಹಾಗೆ ಮಾಡಿಯೇ ಗಾಯ ಮಾಡಿಕೊಂಡಿದ್ದೆ, ನೆನಪಿರಲಿ. ಬೀದರಿನಲ್ಲಿ ಈಗಾಗಲೇ ಚಳಿ ಬಿದ್ದಿರಬೇಕು, ಬೆರಳುಗಳಿಗೆ ಬಟ್ಟೆ ಸುತ್ತಿಕೋ. ದೀಪಾ ನಿನ್ನ ಪ್ಲಾಸ್ಟರಿನ ಮೇಲೆ ಬಿಡಿಸಿದ ನವಿಲಿನ ಫೋಟೋವನ್ನು ನಿಮ್ಮ ಅವ್ವನಿಗೆ ತೋರಿಸಿದೆ. "ಇದು ನವಿಲೋ, ಕೋಳಿಯೋ?" ಎಂದು ಬಹಳ ಹೊತ್ತು ನಕ್ಕಳು. ಅದು ಹೋದ ವಾರದ ಮಾತು.

ಅವ್ವನ ನೋವು ಹತೋಟಿಯಲ್ಲಿದೆ. ಹೊಟ್ಟೆಯ ಗಡ್ಡೆ ಇದ್ದಂತೆಯೇ ಇದೆ. ಊಟ ಎರಡು ಮೂರು ಚಮಚ ಮಜ್ಜಿಗೆ ಅನ್ನಕ್ಕೆ ಬಂದಿದೆ. ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಾಳೆ, ಆದರೆ ಶುಕ್ರವಾರದಿಂದ ನನ್ನ ಕೈಯಿಂದಲ್ಲ. ಪಕ್ಕದ ಮನೆಯ ಆದಮ್ಮನನ್ನು ಕರೆಸಿ ಅವಳ ಕೈಯಿಂದ ತೆಗೆದುಕೊಳ್ಳುತ್ತಾಳೆ. ಯಾಕೆ ಎಂದು ಹೇಳುವುದಕ್ಕೇ ಈ ಕಾಗದ. ನಿನ್ನೆ ಸಂಜೆ ಎರಡು ಸಲ ನಿನಗೆ ಫೋನ್ ಹಚ್ಚಿದೆನಲ್ಲ, ಎರಡು ಸಲವೂ ಊಟ ಆಯಿತೇ ಎಂದು ಕೇಳಿ ಇಟ್ಟುಬಿಟ್ಟೆ. ಮೂವತ್ತೊಂದು ವರ್ಷ ಶಾಲಾ ಇನ್‌ಸ್ಪೆಕ್ಟರ್ ಆಗಿ ಇನ್ನೊಬ್ಬರ ತಪ್ಪುಗಳನ್ನು ಬರೆದವನಿಗೆ ತನ್ನ ತಪ್ಪು ಬಾಯಲ್ಲಿ ಬರಲಿಲ್ಲ. ಬರೆದರಾದರೂ ಬಂದೀತು ಎಂದು ಕುಳಿತಿದ್ದೇನೆ, ಬರೆದು ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸುತ್ತೇನೆ.

ರಾಯಚೂರಿನಲ್ಲಿ ಡಾಕ್ಟರು ಇನ್ನು ಮದ್ದಿಲ್ಲ, ಮನೆಗೆ ಕರೆದುಕೊಂಡು ಹೋಗಿ ನೋವಾಗದಂತೆ ನೋಡಿಕೊಳ್ಳಿ ಎಂದಾಗ, ಕೊನೆಗಾಲದ ಆರೈಕೆ ಮಾಡುವ ಎರಡು ಕಡೆಯ ವಿಳಾಸ ಹುಡುಕಿಕೊಟ್ಟವಳು ನೀನು. "ಅಪ್ಪಾ, ಯಾರು ಚಲೋ ನೋಡ್ಕೋತಾರ ಅಂತ ನೀವ ನೋಡಿ ಹೇಳ್ರಿ. ನಿಮ್ಮ ಕಣ್ಣಿಗೆ ಮಣ್ಣೆರಚಾಕ ಯಾರಿಗೂ ಆಗಂಗಿಲ್ಲ" ಎಂದೆ. ಆ ಮಾತಿಗೆ ನಾನು ಎಷ್ಟು ಉಬ್ಬಿದೆನೆಂದರೆ ಅವತ್ತೇ ಹೋಗಿ ಒಂದು ನೋಟ್‌ಬುಕ್ ತಂದೆ. ಗೆರೆ ಎಳೆದೆ. ಸಮಯಪಾಲನೆ, ಶುಚಿತ್ವ, ನಡವಳಿಕೆ, ದಾಖಲೆ, ಔಷಧ ಎಂದು ಬರೆದು ಒಂದೊಂದಕ್ಕೂ ಹತ್ತು ಅಂಕ ಇಟ್ಟೆ. ನಿಮ್ಮ ಅವ್ವ ಮಲಗಿದಲ್ಲಿಂದಲೇ ನೋಡಿ, "ನಾ ಪಾಸಾಗ್ತೀನೋ ಇಲ್ಲೋ ಅದನ್ನೂ ಬರೀರಿ" ಎಂದು ಚೇಷ್ಟೆ ಮಾಡಿದಳು. ನನಗೆ ಆಗ ನಗು ಬಂತು.

ಸಿಂಧನೂರಿನ ಜಾಗಕ್ಕೆ ಮೊದಲು ಹೋದೆ. ನೆಲದಲ್ಲಿ ಮುಖ ಕಾಣುತ್ತಿತ್ತು, ಬಾಗಿಲಲ್ಲಿ ಮೀನಿನ ತೊಟ್ಟಿ, ಕುರ್ಚಿಗಳಿಗೆ ಹೊದಿಕೆ. ನೋವು ಹೆಚ್ಚಾದರೆ ಏನು ಮಾಡುತ್ತೀರಿ ಎಂದರೆ, ಡಾಕ್ಟರು ಗುರುವಾರ ಬರುತ್ತಾರೆ ಎಂದರು. ಆಮೇಲೆ ಲಿಂಗಸುಗೂರಿನ ತಂಡದ ಆಫೀಸಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಕೋಣೆ, ಕುಳಿತ ಕುರ್ಚಿಯ ಒಂದು ಕಾಲು ಗಿಡ್ಡ. ಅಲ್ಲಿ ಒಬ್ಬ ನರ್ಸಮ್ಮ ಫೋನಿನಲ್ಲಿ ಯಾರಿಗೋ ರೋಗಿಯನ್ನು ಮಗ್ಗುಲಿಗೆ ಹೊರಳಿಸುವುದು ಹೇಗೆಂದು ಹೇಳಿಕೊಡುತ್ತಿದ್ದಳು. ಒಂದೇ ಮಾತನ್ನು ನಾಲ್ಕು ಸಲ ಹೇಳಿದಳು, ದನಿ ಮಾತ್ರ ಏರಲಿಲ್ಲ. ಅವಳೇ ಶಂಶಾದ್‌ಬೀ. ಎರಡು ವಾರ ನೋಡಿ ಆಮೇಲೆ ನಿರ್ಧಾರ ಮಾಡಿ ಎಂದರು. ಸೋಮವಾರ, ಶುಕ್ರವಾರ ಶಂಶಾದ್‌ಬೀ ನಮ್ಮ ಮನೆಗೆ ಬರುವುದು, ನಡುವೆ ತೊಂದರೆಯಾದರೆ ಫೋನ್ ಮಾಡಿದ ಕೂಡಲೇ ಬರುವುದು ಎಂದಾಯಿತು.

ಆ "ಕೂಡಲೇ" ಎಂಬುದನ್ನು ನಾನು ನಂಬಲಿಲ್ಲ ನೋಡು. ಅವಳು ಬಂದ ಮೊದಲ ವಾರದಲ್ಲೇ ನಿಮ್ಮ ಅವ್ವ ಮೂರು ತಿಂಗಳ ಮೇಲೆ ಮೊದಲ ಬಾರಿ ರಾತ್ರಿಯಿಡೀ ನಿದ್ದೆ ಮಾಡಿದ್ದಳು. ಹಿಮ್ಮಡಿಗೆ ಎಣ್ಣೆ ಹಚ್ಚಿಸಿಕೊಂಡು, ತಲೆ ಬಾಚಿಸಿಕೊಂಡು, ಅವಳ ಜೊತೆ ಮನೆಮಂದಿಯ ಸುದ್ದಿಯೆಲ್ಲಾ ಮಾತಾಡುತ್ತಿದ್ದಳು. ಕಣ್ಣೆದುರಿಗಿದ್ದ ಇಷ್ಟು ಸಾಕಾಗಬೇಕಿತ್ತು. ಆದರೆ ನನ್ನ ಹಳೆಯ ಚಾಳಿ ನಿನಗೆ ಗೊತ್ತಲ್ಲ. ಇನ್‌ಸ್ಪೆಕ್ಟರ್ ಸಾಹೇಬರು ನಾಳೆ ಬರುತ್ತಾರೆ ಎಂದು ಸುಳ್ಳು ಸುದ್ದಿ ಬಿಟ್ಟು ಇವತ್ತೇ ಹೋಗಿ ಶಾಲೆಯ ಬೇವಿನಮರದ ಕೆಳಗೆ ನಿಲ್ಲುತ್ತಿದ್ದೆ. ತಡವಾಗಿ ಬಂದ ಮಾಸ್ತರರ ಮುಖ ಬಿಳಿಚುವುದನ್ನು ಮನೆಗೆ ಬಂದು ನಿಮಗೆ ನಟಿಸಿ ತೋರಿಸುತ್ತಿದ್ದೆ. ನೀನೂ ನಗುತ್ತಿದ್ದೆ, ಪಾಪ, ನಿನಗೇನು ಗೊತ್ತು. ನಿವೃತ್ತನಾಗಿ ಒಂಬತ್ತು ವರ್ಷವಾದರೂ ಆ ಚಟ ಹೋಗಿರಲಿಲ್ಲ.

ಹೋದ ಮಂಗಳವಾರ ಮಧ್ಯಾಹ್ನ, ಹನ್ನೊಂದನೇ ತಾರೀಖು, ಅವ್ವ ಮಾತ್ರೆ ತೆಗೆದುಕೊಂಡು ಸುಖವಾಗಿ ಮಲಗಿದ್ದಳು. ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಶಂಶಾದ್‌ಬೀಗೆ ಫೋನ್ ಮಾಡಿದೆ. "ಭಾಳ ನೋವು ಅಂತಾಳವ್ವ, ತಡಕೊಳ್ಳಾಕ ಆಗವಲ್ದು" ಎಂದೆ. ದನಿ ನಡುಗಿಸಿದೆ ಕೂಡ. "ಸರ್, ನಾ ಜವಳಗೇರಾದಾಗ ಅದೀನಿ. ಇನ್ನೊಂದು ಅರ್ಧ ಮಾತ್ರಿ ಕೊಟ್ಟು ಅರ್ಧ ತಾಸು ನೋಡ್ರಿ" ಎಂದಳು. ಕೊಟ್ಟಾಗಿದೆ, ಏನೂ ಆಗಿಲ್ಲ ಎಂದು ಇನ್ನೊಂದು ಸುಳ್ಳು ಹೇಳಿದೆ. ಆಮೇಲೆ ಅವಳು, "ಸರ್, ಇಲ್ಲಿ ಒಬ್ರು ಭಾಳ ಸೀರಿಯಸ್ ಅದಾರ..." ಎಂದಳು. ಗಾಯತ್ರಿ, ಅಲ್ಲಿಗೆ ನಾನು ನಿಲ್ಲಿಸಬಹುದಿತ್ತು. ಇಲ್ಲವ್ವ, ಇವಳೀಗ ಆರಾಮಿದ್ದಾಳೆ ಎಂದು ಒಂದು ಮಾತು ಹೇಳಬಹುದಿತ್ತು. ನಾನು ಹೇಳಿದ್ದು, "ಹಂಗಾದ್ರ ನೀವು ಬರಂಗಿಲ್ಲ ಅಂತ ಬರಕೊಳ್ಳಲೇನು?" ಎಂದು. ಆ ಮಾತು ಈಗ ದಿನಕ್ಕೆ ನೂರು ಸಲ ಕಿವಿಯಲ್ಲಿ ಕೇಳುತ್ತದೆ. "ಬಂದೆ ಸರ್" ಎಂದು ಅವಳು ಫೋನ್ ಇಟ್ಟಳು.

ಫೋನ್ ಇಟ್ಟ ಒಂದು ಗಂಟೆ ಎಂಟು ನಿಮಿಷಕ್ಕೆ ಸರಿಯಾಗಿ ಬಂದಳು. ಈಗ ಭತ್ತದ ಕೊಯ್ಲಿನ ಕಾಲ, ದಾರಿಯುದ್ದಕ್ಕೂ ರಸ್ತೆಯ ಮೇಲೆ ಭತ್ತ ಒಣಗಲು ಹರವಿರುತ್ತಾರೆ, ಅದರಲ್ಲೇ ಸ್ಕೂಟರ್ ಓಡಿಸಿಕೊಂಡು ಬಂದಿದ್ದಳು. ಹುಬ್ಬಿನ ಮೇಲೆಲ್ಲಾ ಧೂಳು. ಅವ್ವ ಎಚ್ಚರಾಗಿ, "ಇವತ್ತು ನಿನ್ನ ದಿನ ಅಲ್ಲಲ್ಲವ್ವ?" ಎಂದು ಕೇಳಿದಳು. ನಾನು ಹಿಂದಿನಿಂದ, ಈಗಷ್ಟೇ ಕಡಿಮೆಯಾಯಿತು ಎಂದೆ. ಶಂಶಾದ್‌ಬೀ ನಾಡಿ ನೋಡಿದಳು, ಹೊಟ್ಟೆ ಮುಟ್ಟಿ ನೋಡಿದಳು, ಒದ್ದೆ ಬಟ್ಟೆಯಿಂದ ತುಟಿ ಒರೆಸಿದಳು. ಅವಳಿಗೊಂದು ಫೋನ್ ಬಂತು. ಹೊರಗೆ ಹೋಗಿ ಮಾತಾಡಿ ಬಂದು, ಚಹಾವನ್ನೂ ಕುಡಿಯದೆ ಚೀಲ ತೆಗೆದುಕೊಂಡು ಹೊರಟುಹೋದಳು. ನಾನು ಕೋಣೆಗೆ ಹೋಗಿ ಸಮಯಪಾಲನೆಗೆ ಹತ್ತಕ್ಕೆ ಹತ್ತು ಹಾಕಿದೆ. ಸಂಜೆ ನಿನಗೆ ಫೋನ್ ಮಾಡಿ, "ಲಿಂಗಸುಗೂರಿನವರೇ ಚಲೋ, ನಾನು ಪರೀಕ್ಷೆ ಮಾಡಿ ನೋಡೀನಿ" ಎಂದು ಜಂಬ ಕೊಚ್ಚಿಕೊಂಡೆನಲ್ಲ, ಆ ಪರೀಕ್ಷೆ ಇದೇ.

ಶುಕ್ರವಾರ ಅವಳು ಬಂದಾಗ ಮುಖ ಬಾಡಿತ್ತು. ಅವ್ವನ ತಲೆ ಬಾಚುತ್ತ ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ. ಮಂಗಳವಾರ ಅವಳಿದ್ದದ್ದು ಜವಳಗೇರಾದ ಯಂಕೋಬ ಎಂಬ ರೈತನ ಮನೆಯಲ್ಲಿ. ಗಂಟಲಿನ ಕ್ಯಾನ್ಸರ್, ಅವತ್ತೋ ನಾಳೆಯೋ ಎನ್ನುವಂತಿದ್ದ. ತನ್ನ ಮನೆಯ ಅಂಗಳದಲ್ಲಿ, ತನ್ನ ಹಗ್ಗದ ಹೊರಸಿನ ಮೇಲೆ ಮಲಗಿಯೇ ಪ್ರಾಣ ಹೋಗಲಿ, ಆಸ್ಪತ್ರೆಗೆ ಒಯ್ಯಬೇಡಿ ಎಂದು ಎಲ್ಲರಿಂದ ಮಾತು ತೆಗೆದುಕೊಂಡಿದ್ದನಂತೆ. ಉಸಿರು ಕಟ್ಟಿದಾಗ ಕೊಡುವ ಇಂಜೆಕ್ಷನ್ ಶಂಶಾದ್‌ಬೀಯ ಕೈಯಲ್ಲೇ ಇತ್ತು, ಇವಳೋ ನಮ್ಮ ಮನೆಯಲ್ಲಿದ್ದಳು. ಅವನು ಒದ್ದಾಡುವುದನ್ನು ನೋಡಲಾರದೆ ಮನೆಯವರು ಭತ್ತದ ಟ್ರ್ಯಾಲಿಯಲ್ಲಿ ಹಾಕಿಕೊಂಡು ಸಿಂಧನೂರಿಗೆ ಹೊರಟರು. ಕಾಲುವೆ ದಾರಿಯಲ್ಲಿ, ಟ್ರ್ಯಾಲಿಯ ಕುಲುಕಾಟದಲ್ಲೇ ಹೋಗಿಬಿಟ್ಟ. ಅವನ ಅಳಿಯ ನಿಂಗರಾಜ ಆಫೀಸಿಗೆ ದೂರು ಕೊಟ್ಟಿದ್ದಾನೆ, ಸಾಯುವ ಮನುಷ್ಯನನ್ನು ಬಿಟ್ಟು ನರ್ಸು ಎದ್ದು ಹೋದಳು ಎಂದು. ಆಫೀಸಿನವರು ಇವಳಿಂದ ಜವಾಬು ಕೇಳಿದ್ದಾರೆ, ಸೋಮವಾರ ವಿಚಾರಣೆಯಂತೆ. "ಬರದು ಕೊಟ್ಟೀನವ್ವ, ಮಸ್ಕಿ ಪೇಶಂಟಿಗೆ ತಡಕೊಳ್ಳಲಾರದ ನೋವಿತ್ತು, ಅದಕ್ಕ ಹೋದೆ ಅಂತ" ಎಂದಳು ಶಂಶಾದ್‌ಬೀ.

ನಿಮ್ಮ ಅವ್ವ ನನ್ನತ್ತ ತಿರುಗಿ ನೋಡಿದಳು. ಆ ನರ್ಸಮ್ಮನ ಮುಂದೆ ನನ್ನ ಮಾನ ಉಳಿಸಿದಳು. ಅವಳು ಹೋದ ಮೇಲೆ, "ಅವತ್ತು ನಂಗ ನೋವು ಇರಲಿಲ್ಲ. ನೀವು ಯಾರ ನೋವು ಹೇಳಿ ಆಕೀನ್ನ ಕರಸೀದ್ರಿ?" ಎಂದು ಕೇಳಿದಳು. ನಲವತ್ತೆರಡು ವರ್ಷದ ಸಂಸಾರದಲ್ಲಿ ಅವಳ ಮುಂದೆ ನಾನು ತಲೆ ತಗ್ಗಿಸಿದ್ದು ಅವತ್ತೇ ಮೊದಲು. ಆಮೇಲಿಂದ ಅವಳು ನನ್ನೊಡನೆ ಮಾತಾಡಿಲ್ಲ.

ನಿನ್ನೆ ಭಾನುವಾರ ಆದಮ್ಮನನ್ನು ಅವ್ವನ ಹತ್ತಿರ ಕೂರಿಸಿ ಬಸ್ಸು ಹತ್ತಿ ಜವಳಗೇರಾಕ್ಕೆ ಹೋದೆ. ಎಲ್ಲ ಹೇಳಿ ಕಾಲಿಗೆ ಬೀಳಬೇಕೆಂದೇ ಹೋದದ್ದು, ದಾರಿಯಲ್ಲಿ ಮಾತುಗಳನ್ನೂ ಜೋಡಿಸಿಕೊಂಡಿದ್ದೆ. ಅಂಗಳದಲ್ಲಿ ಆ ಹೊರಸನ್ನು ಗೋಡೆಗೆ ನಿಲ್ಲಿಸಿದ್ದರು. ಯಂಕೋಬನ ಹೆಂಡತಿ ಪೀರಮ್ಮ ನನ್ನನ್ನು ನೋಡಿದ ಕೂಡಲೇ ಎದ್ದು ಸೆರಗು ಹೊದ್ದುಕೊಂಡಳು. ತನ್ನ ಮಗಳ ಶಾಲೆಗೆ ನಾನು ಬಂದದ್ದು ಅವಳಿಗೆ ನೆನಪಿತ್ತು. "ಇನ್‌ಸ್ಪೆಕ್ಟರ್ ಸಾಹೇಬ್ರು ನಮ್ಮ ಮನಿತನಕ ಬಂದಾರ" ಎಂದು ಒಳಗೆ ಕೂಗಿ ಹೇಳಿ ಕುರ್ಚಿ ತರಿಸಿದಳು. ಆ ನರ್ಸು ನಮ್ಮ ಮನೆಗೂ ಬರುತ್ತಾಳೆ, ವಿಷಯ ಕೇಳಿ ಬಂದೆ ಎಂದೆ, ಅಷ್ಟೇ. ಅವಳಿಗೆ ಶಂಶಾದ್‌ಬೀಯ ಮೇಲೆ ಸಿಟ್ಟಿಲ್ಲ. "ಇನ್ನೊಬ್ಬಾಕಿ ಒದ್ದಾಡಾಕತ್ತಾಳ, ಹೋಗಿ ಬರ್ತೀನಿ ಅಂದಳ್ರಿ. ನಾನ ಹೋಗವ್ವ ಅಂದೆ. ನಮ್ಮಂಗ ಆಕೀನೂ ಒಂದು ಜೀವ ಅಲ್ಲೇನ್ರಿ" ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ಆ ಅವ್ವಗ ಈಗ ಹೆಂಗೈತಂತ್ರಿ? ನಿಮ್ಮ ಮಸ್ಕಿಯಾಕೀನ ಅಂತ, ನಿಮಗೇನರ ಗೊತ್ತೈತೇನ್ರಿ?" ಎಂದು ಕೇಳಿದಳು.

ಗೊತ್ತಿಲ್ಲವ್ವ ಎಂದೆ. ಹಾಗೆಂದು ಅವಳು ಕೊಟ್ಟ ಚಹಾ ಕುಡಿದೆ. ಬಾಗಿಲತನಕ ಬಂದು ಕಳಿಸಿದಳು. ಬಸ್‌ಸ್ಟಾಪಿನಲ್ಲಿ ನಿಂತಾಗ ನನಗೆ ನನ್ನ ಮೈಮೇಲಿನ ಇಸ್ತ್ರಿ ಅಂಗಿಯನ್ನು ಕಂಡರೂ ಹೇಸಿಗೆಯಾಯಿತು. ಇಷ್ಟು ನಾಚಿಕೆ ನಾನು ಯಾವತ್ತೂ ಪಟ್ಟಿಲ್ಲ, ಗಾಯತ್ರಿ. ತಪ್ಪು ಮಾಡಿದ್ದಕ್ಕೆ ಒಂದು ನಾಚಿಕೆಯಾದರೆ, ಮಾಡಿದ್ದನ್ನು ಹೇಳಲಾರದೆ ಮರ್ಯಾದೆ ಮಾಡಿಸಿಕೊಂಡು ಬಂದದ್ದಕ್ಕೆ ಅದಕ್ಕಿಂತ ದೊಡ್ಡದು.

ಇವತ್ತು ಹನ್ನೆರಡಕ್ಕೆ ಲಿಂಗಸುಗೂರಿನ ಆಫೀಸಿನಲ್ಲಿ ವಿಚಾರಣೆ. ಶಂಶಾದ್‌ಬೀ ಬರೆದುಕೊಟ್ಟ ಜವಾಬಿನಲ್ಲಿ ಸುಳ್ಳಿದೆ, ಅದು ಸುಳ್ಳು ಎಂದು ಅವಳಿಗೇ ಗೊತ್ತಿಲ್ಲ. ನಾನು ಬಾಯಿ ಬಿಡದಿದ್ದರೆ ಅವಳ ಕೆಲಸ ಹೋಗಬಹುದು. ಬಿಟ್ಟರೆ ನಾಳೆಯಿಂದ ಅವರು ನಮ್ಮ ಮನೆಯ ಮೆಟ್ಟಿಲು ಹತ್ತದಿರಬಹುದು, ಆಗ ನಿಮ್ಮ ಅವ್ವನ ಗತಿ ಏನು? ನಿಜ ಹೇಳಲೇ? ಇಷ್ಟು ಉದ್ದ ಬರೆದದ್ದರಲ್ಲಿ ಒಂದು ಆಸೆಯೂ ಇದೆ. ಹೋಗಲಿ ಬಿಡಪ್ಪ, ಅವ್ವನಿಗೋಸ್ಕರ ಸುಮ್ಮನಿರು ಎಂದು ನೀನು ಹೇಳಬಹುದೇನೋ ಎಂಬ ಆಸೆ. ಹಾಗೆ ಹೇಳಬೇಡ ಮಗಳೇ.

ನಿನ್ನ ಕಾಲು ಬೇಗ ನೆಟ್ಟಗಾಗಲಿ. ಅಳಿಯ ಶಿವಪ್ರಸಾದರಿಗೆ ನನ್ನ ನೆನಪು ಹೇಳು, ದೀಪಾಳ ಕೆನ್ನೆಗೆ ಎರಡು ಮುತ್ತು. ನೀವು ಮೂವರೂ ತಣ್ಣಗಿರಿ ಎಂದು ಹರಸುವ,

ನಿನ್ನ ಅಪ್ಪ
ಹನುಮಂತರಾಯ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಶಂಶಾದ್‌ಬೀ ಈಗಷ್ಟೇ ಬಂದು ಹೋದಳು. ಲಿಂಗಸುಗೂರಿಗೆ ಹೋಗುವ ಮೊದಲು ಅವ್ವನನ್ನು ನೋಡಿಕೊಂಡು ಹೋಗಲು ಬಂದದ್ದು. ಹೊಸ್ತಿಲಲ್ಲೇ ನಿಲ್ಲಿಸಿ ಎಲ್ಲ ಹೇಳಿದೆ. ಒಂದು ಚಪ್ಪಲಿ ಬಿಚ್ಚಿದವಳು ಇನ್ನೊಂದನ್ನು ಬಿಚ್ಚದೆ ಹಾಗೆಯೇ ನಿಂತಳು. "ಅವತ್ತು ಅಮ್ಮಗ ನೋವ ಇರಲಿಲ್ಲೇನ್ರಿ?" ಎಂದು ಒಂದೇ ಕೇಳಿದಳು. ಇರಲಿಲ್ಲ ಎಂದೆ. ಬೈಯಲಿಲ್ಲ. ಕೈ ತೊಳೆದುಕೊಂಡು ಒಳಗೆ ಹೋಗಿ ಅವ್ವನಿಗೆ ಮಾತ್ರೆ ಕೊಟ್ಟು, ಹಿಮ್ಮಡಿಗೆ ಎಣ್ಣೆ ಹಚ್ಚಿದಳು. ಹೊರಡುವಾಗ ನನ್ನ ಮುಖ ನೋಡದೆ, "ಇನ್ ಮ್ಯಾಲೆ ಅಮ್ಮಗ ನೋವಾಗೇತಿ ಅಂತ ನೀವು ಫೋನ್ ಮಾಡಿದ್ರ ನಾ ಹೆಂಗ ನಂಬಲಿ ಸರ್?" ಎಂದಳು. ನಾನೂ ಈಗ ಹೊರಟೆ. ಬಸ್ಸಿನಲ್ಲಿ ಹೋಗಿ ಆಫೀಸಿನಲ್ಲಿ ಎಲ್ಲ ಬರೆದುಕೊಟ್ಟು, ಅಲ್ಲಿಂದ ಜವಳಗೇರಾಕ್ಕೆ ಹೋಗುತ್ತೇನೆ. ಸಂಜೆತನಕ ಆದಮ್ಮ ಇರುತ್ತಾಳೆ. ಆಫೀಸಿನವರು ನಮ್ಮನ್ನು ಕೈಬಿಡದಿದ್ದರೆ, ಅವರ ದಾಖಲೆಯಲ್ಲಿ ಫೋನ್ ಮಾಡುವವರ ಜಾಗದಲ್ಲಿ ನನ್ನ ನಂಬರ್ ಹೊಡೆದುಹಾಕಿಸಿ ನಿನ್ನ ನಂಬರ್ ಬರೆಸಿ ಬರುತ್ತೇನೆ. ಅವ್ವನಿಗೆ ನೋವು ಬಂದಾಗ ನಾನು ನಿನಗೆ ಹೇಳುತ್ತೇನೆ, ನೀನು ಮೊದಲು ಅವ್ವನ ಬಾಯಿಂದ ಕೇಳಿ ಆಮೇಲೆ ಅವರಿಗೆ ಹೇಳು. ಫೋನನ್ನು ತಲೆದಿಂಬಿನ ಹತ್ತಿರವೇ ಇಟ್ಟುಕೋ. ನನ್ನ ಮಾತಿಗೆ ಈಗ ಬೆಲೆಯಿಲ್ಲ, ಅದರ ನೋವನ್ನು ನಿಮ್ಮ ಅವ್ವ ತಿನ್ನುವಂತಾಗಬಾರದು.