ಇಕ್ಕಳ ಕೇಳಿದವರು

ಫೆಬ್ರವರಿ 3, ಬೆಳಿಗ್ಗೆ

ಮತ್ತೆ ಆಸ್ಪತ್ರೆಯ ಮಾಡು. ತಗಡು ಆಗಲೇ ಕಾದಿದೆ. ಸೋಲಾರ್ ಪ್ಯಾನೆಲ್‌ಗಳ ಕೆಳಗೆ ಕೈ ಹಾಕಿದರೆ ಹಲ್ಲಿ ಹಿಕ್ಕೆ, ಉಪ್ಪು, ಸತ್ತ ಜಿರಳೆ. ಹತ್ತು ಜೋಡಣೆಗಳಲ್ಲಿ ಒಂದೂ ನೆಟ್ಟಗಿಲ್ಲ. ನನಗಿಂತ ಮೊದಲು ಇದ್ದ ಮಹಾಶಯ ತಂತಿಗೆ ತಂತಿ ಹೊಸೆದು, ಕಪ್ಪು ಟೇಪು ಸುತ್ತಿ ಕೈ ತೊಳೆದುಕೊಂಡಿದ್ದಾನೆ. ಬಿಚ್ಚಿದರೆ ಒಳಗೆ ತಾಮ್ರವೆಲ್ಲ ಹಸಿರು, ಕೀವು ಕಟ್ಟಿದ ಹುಣ್ಣಿನ ಹಾಗೆ. ಥೂ. ಇದರ ಮೇಲೆ ಲಸಿಕೆಯ ಫ್ರಿಜ್ ನಡೆಯಬೇಕಂತೆ.

ನಾಲ್ಕು ಮುಗಿಸಿದೆ. ಕೊಳೆತ ತುದಿ ಕತ್ತರಿಸು. ಒಂದು ಎಳೆಯೂ ತುಂಡಾಗದ ಹಾಗೆ ಸಿಪ್ಪೆ ಸುಲಿ. ಪಿನ್ನಿಗೆ ತೂರಿಸು. ಇಕ್ಕಳದಲ್ಲಿ ಒತ್ತು — ಪೂರ್ತಿ ಕಚ್ಚಿ ಇಕ್ಕಳ ತಾನಾಗಿ ಬಾಯಿ ಬಿಡುವ ತನಕ. ಪ್ಲಗ್ಗಿನೊಳಗೆ ತಳ್ಳು, ಟಕ್ ಅನ್ನಬೇಕು. ಆಮೇಲೆ ಎಳೆದು ನೋಡು. ಎಳೆದು ನೋಡದವನು ಕೆಲಸ ಮಾಡಿಲ್ಲ, ಬರೀ ಮುಟ್ಟಿದ್ದಾನೆ. ರಾಜಧಾನಿ ತರಾವಾದಲ್ಲಿ ಆರು ತಿಂಗಳು ಕಲಿತದ್ದು ಇಷ್ಟೇ.

ಇನ್ನು ಆರು ಉಳಿದಿವೆ. ಇಪ್ಪತ್ತಕ್ಕೆ ಹಡಗಿನಲ್ಲಿ ದಡಾರದ ಲಸಿಕೆ. ದ್ವೀಪದ ಎಲ್ಲ ಮಕ್ಕಳಿಗೂ.

ಫೆಬ್ರವರಿ 5

ಕಮೊರಿಕಿ ಅಣ್ಣ ಬಂದಿದ್ದ. ದೊಡ್ಡಮ್ಮನ ಮಗ. ದೊಡ್ಡಮ್ಮ ಸತ್ತ ಮೇಲೆ ಅವ್ವನೇ ಎತ್ತಿ ಆಡಿಸಿದವನು. ಚಾಪೆಯ ಮೇಲೆ ಕಾಲು ಮಡಚಿ, ತಲೆ ತಗ್ಗಿಸಿ, ಎರಡೂ ಕೈ ತೊಡೆಯ ಮೇಲಿಟ್ಟು ಕೂತ. ಆಗಲೇ ಗೊತ್ತಾಯಿತು. ಕೇಳಲು ಬಂದವರು ಕೂರುವುದೇ ಹಾಗೆ. ಮೊದಲು ಗಾಳಿಯ ಮಾತು, ಮೀನಿನ ಮಾತು. ಅನ್ನಕ್ಕೆ ಡಬ್ಬಿ ಮಾಂಸ ಎರಡು ಸಲ ಹಾಕಿಸಿಕೊಂಡ.

“ತಂಗಿ, ಬುಬುಸಿ.”

“ಏನಣ್ಣ?”

“ನಿನ್ನ ಆ ಕೆಂಪು ಹಿಡಿ ಇಕ್ಕಳ. ಗಾಳದ ಉಕ್ಕಿನ ತಂತಿಗೆ ಕೊಳವೆ ಒತ್ತೋಕೆ ಅದರಂಥದ್ದು ಇನ್ನೊಂದಿಲ್ಲ. ಟ್ಯೂನಾ ಬಂದ್ಬಿಟ್ಟಿದೆ ಕಣೇ.”

“ಆಸ್ಪತ್ರೆ ಕೆಲಸ ಇನ್ನೂ ಅರ್ಧ...”

ಒಲೆಯ ಹತ್ತಿರ ಅವ್ವ ಕೆಮ್ಮಿದಳು.

ಬುಬುಸಿ ಅಂದ ಮೇಲೆ ಮುಗಿಯಿತು. ಬಂಧುಗಳು ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ. ದೋಣಿಯಾಗಲಿ, ಹಂದಿಯಾಗಲಿ, ಉಟ್ಟ ಬಟ್ಟೆಯಾಗಲಿ. ಇಲ್ಲ ಅಂದರೆ ಮನೆಯ ಮಾನ ಚಾವಡಿಯಲ್ಲಿ ಹರಾಜು. ತಂತಿಗೆ ಪಿನ್ನು ಒತ್ತುವ ಕ್ರಿಂಪಿಂಗ್ ಇಕ್ಕಳ, ದ್ವೀಪಕ್ಕೆಲ್ಲ ಇರುವುದು ಒಂದೇ ಒಂದು. ಕೊಟ್ಟೆ. ನಗುತ್ತಾ ಕೊಟ್ಟೆ. ಆ ನಗು ನೆನೆದರೆ ನನಗೇ ಅಸಹ್ಯ.

ಫೆಬ್ರವರಿ 13

ವಾರ ಕಾದೆ. ನಾಚಿಕೆ ಬಿಟ್ಟು ಹೋದೆ. ನಾನೂ ಬುಬುಸಿ ಅನ್ನಬಹುದಲ್ಲ, ನನ್ನದೇ ಇಕ್ಕಳಕ್ಕೆ!

ಕಮೊರಿಕಿ: “ಅಯ್ಯೋ, ನನ್ನ ಭಾಮೈದ ಕೇಳ್ದ. ನಾನೇನ್ ಮಾಡ್ಲಿ?”

ಭಾಮೈದ ಪಾದ್ರಿಗೆ ಕೊಟ್ಟಿದ್ದಾನೆ. ಪಾದ್ರಿ ಬಾಗಿಲಲ್ಲೇ ಕೈ ಮೇಲೆತ್ತಿದರು. “ಮುದುಕ ತೊಕಿಯಾ ಬಂದು ಕೂತ ಕಣಮ್ಮ. ಹಿರಿಯರಿಗೆ ಇಲ್ಲ ಅನ್ನೋದುಂಟಾ?”

ತೊಕಿಯಾನ ಮನೆ ಕಾಲುವೆಯ ಆಚೆ. ಭರತ ಏರಿತ್ತು. ಬಿಸಿಲಲ್ಲಿ ವಾಪಸ್ ನಡೆದೆ. ಎಲ್ಲರೂ ಎಷ್ಟು ಒಳ್ಳೆಯವರು. ಕೊಡುಗೈ. ಹೇಸಿಗೆ ಬರುವಷ್ಟು ಒಳ್ಳೆಯವರು.

ಫೆಬ್ರವರಿ 17

ಸಿಕ್ಕಿತು. ತೊಕಿಯಾ ಅದರಲ್ಲಿ ಏಡಿಯ ಕೊಂಬು ಒಡೆಯುತ್ತಿದ್ದ. ಗಡ್ಡದಲ್ಲೆಲ್ಲ ಏಡಿ.

“ತಗೊಳಮ್ಮ, ತಗೋ. ಚೆನ್ನಾಗಿ ಕಚ್ಚುತ್ತೆ. ನನ್ನ ಹಲ್ಲಿಗಿಂತ ವಾಸಿ!”

ತಂದು ಸೀಮೆಎಣ್ಣೆಯಲ್ಲಿ ತಿಕ್ಕಿದೆ. ನಾತ ಹೋಗಲಿಲ್ಲ. ನಾತ ಇರಲಿ — ಒತ್ತುವ ದವಡೆಯ ಅಂಚೇ ಹೋಗಿದೆ. ಉಕ್ಕಿನ ತಂತಿ ತಿಂದುಹಾಕಿದೆ. ಮೂರು ಪಿನ್ನು ಒತ್ತಿ ಎಳೆದೆ. ಮೂರೂ ಸಲೀಸಾಗಿ ಕೈಗೆ ಬಂದವು.

ತರಾವಾಕ್ಕೆ ರೇಡಿಯೋದಲ್ಲಿ ಹೇಳಿದೆ, ಹಡಗಿನಲ್ಲಿ ಹೊಸ ಇಕ್ಕಳ ಕಳಿಸಿ ಅಂತ. ನೋಡೋಣ ಅಂದರು.

ಫೆಬ್ರವರಿ 19

ನಾಳೆ ಹಡಗು. ನರ್ಸ್ ಕಾಯೇವಾ ಫ್ರಿಜ್ ತೊಳೆದು, ಒರೆಸಿ, ಖಾಲಿ ತಟ್ಟೆ ಜೋಡಿಸಿ ಕಾಯುತ್ತಿದ್ದಾಳೆ. ಬೇರೆ ದ್ವೀಪದವಳು. ಇಲ್ಲಿ ಅವಳಿಗೆ ನೆಂಟರಿಲ್ಲ, ಹಾಗಾಗಿ ಯಾರನ್ನೂ ಏನೂ ಕೇಳುವುದಿಲ್ಲ. ನಾನು ಮಾಡಿನ ಮೇಲೆ ಇರುವಾಗ ಎಳನೀರು ಕೆತ್ತಿ ಏಣಿಯ ಬುಡದಲ್ಲಿಟ್ಟು ಸುಮ್ಮನೆ ಒಳಗೆ ಹೋಗುತ್ತಾಳೆ.

ಉಳಿದ ಆರನ್ನೂ ಮಾಮೂಲಿ ಇಕ್ಕಳದಲ್ಲಿ ಜಜ್ಜಿದೆ. ಜಜ್ಜಿದೆ ಅಂತಲೇ ಬರೆಯಬೇಕು, ಒತ್ತಿದೆ ಅಂತಲ್ಲ. ಎಳೆದು ನೋಡಲಿಲ್ಲ. ಎಳೆದರೆ ಬರುತ್ತವೆ ಅಂತ ಗೊತ್ತಿತ್ತು. ಮೇಲೆ ಟೇಪು. ಅದೇ ಕಪ್ಪು ಟೇಪು. ಆಸ್ಪತ್ರೆಯ ಕೆಲಸದ ಪುಸ್ತಕದಲ್ಲಿ ಸಹಿ ಹಾಕಿದೆ — “ಹತ್ತೂ ಸರಿಯಿವೆ.”

ಹೊಸ ಇಕ್ಕಳ ಬರುವ ತನಕ ಅಷ್ಟೇ. ನಾಳೆಯೇ ಬಂದರೂ ಬಂತು.

ಫೆಬ್ರವರಿ 20

ಲಸಿಕೆ ಬಂತು. ಇಕ್ಕಳ ಬರಲಿಲ್ಲ. ಅದರ ಬದಲು ಎರಡು ಪೆಟ್ಟಿಗೆ ಕ್ಯಾಲೆಂಡರ್ ಬಂದಿವೆ, ಹೋದ ವರ್ಷದ್ದು. ಯಾವ ಗೋಡೆಗೆ ಹೊಡೆಯಲಿ ಇವನ್ನು?

ಫ್ರಿಜ್ ಐದು ಡಿಗ್ರಿ ತೋರಿಸುತ್ತಿದೆ. ಕಾಯೇವಾ ಮಗುವಿನ ಹಣೆ ಮುಟ್ಟುವ ಹಾಗೆ ಅದರ ಬಾಗಿಲು ಮುಟ್ಟಿ ನೋಡಿದಳು.

“ತಾಬೆತಾ, ಉತ್ತರದ ಊರುಗಳಲ್ಲಿ ಮಕ್ಕಳ ಹೆಸರು ಬರ್ಕೊಂಡು ಬರ್ಬೇಕು. ಶುಕ್ರವಾರದಿಂದ ಮೂರು ದಿನ ಆಗುತ್ತೆ. ಬಿಟ್ಟು ಹೋಗ್ಬಹುದಾ? ಗಟ್ಟಿ ಇದೆಯಲ್ವಾ?”

“ಹೋಗ್ಬನ್ನಿ ಸಿಸ್ಟರ್. ಗಟ್ಟಿ ಇದೆ.”

ಎಷ್ಟು ಸುಲಭವಾಗಿ ಬಂತು ಬಾಯಿಗೆ.

ಫೆಬ್ರವರಿ 27



ಇಪ್ಪತ್ತಾರು ಡಿಗ್ರಿ. ಸೋಮವಾರ ಬೆಳಿಗ್ಗೆ ಕಾಯೇವಾ ಫ್ರಿಜ್ಜಿನ ಬಾಗಿಲು ತೆಗೆದಾಗ. ಮಾಡು ಹತ್ತಿ ನೋಡಿದೆ. ಏಳನೆಯ ಜೋಡಣೆ ಕಾದು ಕಾದು ಪ್ಲಾಸ್ಟಿಕ್ ಕರಗಿ ತಗಡಿನ ಮೇಲೆ ಸುರಿದಿದೆ. ಮೂಗಿನಿಂದ ಆ ವಾಸನೆ ಹೋಗುತ್ತಿಲ್ಲ. ಒಂದು ಸತ್ತರೆ ಇಡೀ ಸಾಲು ಸತ್ತ ಹಾಗೆ. ಬ್ಯಾಟರಿ ಎರಡು ದಿನ ಎಳೆದಿರಬೇಕು.

ಮುನ್ನೂರ ಹನ್ನೆರಡು ಮಕ್ಕಳ ಹೆಸರು ಬರೆದುಕೊಂಡು ಬಂದಿದ್ದಳು. ಹೆಸರಿನ ಪುಸ್ತಕ ಮೇಜಿನ ಮೇಲೆ ಇತ್ತು. ಸೀಸೆಗಳನ್ನು ಒಂದೊಂದಾಗಿ ಎಣಿಸಿ ಹೂಳುವ ಡಬ್ಬಿಗೆ ಹಾಕಿದಳು. ಮುಚ್ಚಳ ಹಾಕಿ, ಸಲಿಕೆ ತೆಗೆದುಕೊಂಡು ಹಿತ್ತಲಿಗೆ ಹೋದಳು.

ಮಾರ್ಚ್ 2

ತರಾವಾದಿಂದ ರೇಡಿಯೋ. ಮೂರು ದಿನ ಉಷ್ಣಾಂಶ ಬರೆದಿಲ್ಲ ಯಾಕೆ? ನರ್ಸ್ ಫ್ರಿಜ್ಜಿನ ಬಾಗಿಲು ಸರಿಯಾಗಿ ಹಾಕಿದ್ದಳೇ? ನರ್ಸನ್ನು ಕೆಲಸದಿಂದ ತೆಗೆಯುವ ಮಾತು ನಡೆದಿದೆಯಂತೆ. ತಂತಿಯ ಕೆಲಸ “ಸರಿಯಿದೆ” ಅಂತ ಪುಸ್ತಕದಲ್ಲಿದೆಯಲ್ಲ! ಆದರೂ ನನ್ನ ವರದಿ ಬೇಕಂತೆ, ನಾಳೆ ಮಧ್ಯಾಹ್ನದ ವಿಮಾನಕ್ಕೆ.

ಚಾವಡಿಯಲ್ಲೂ ಅದೇ ಮಾತು. “ಹೊರಗಿನೋಳು ನೋಡಿ, ನಮ್ಮ ಮಕ್ಕಳ ಮೇಲೆ ಅವಳಿಗೇನು ಕರುಳು?” ಅಂದದ್ದು ತೊಕಿಯಾ. ಗಡ್ಡ ನೀವಿಕೊಳ್ಳುತ್ತಾ. ಯಾರೂ ಎದುರಾಡಲಿಲ್ಲ. ನಾನೂ.

ಮಾರ್ಚ್ 3, ಬೆಳಿಗ್ಗೆ ಹತ್ತು

ವರದಿ ಬರೆಯಲು ಕೂತಿದ್ದೆ. ಕಮೊರಿಕಿ ಬಂದ. ಕಾಲು ಮಡಚಿ, ತಲೆ ತಗ್ಗಿಸಿ. ಈ ಸಲ ಗಾಳಿಯ ಮಾತೂ ಇಲ್ಲ, ಊಟವೂ ಇಲ್ಲ.

“ತಂಗಿ, ಬುಬುಸಿ. ಇಕ್ಕಳದ ಮಾತು ಅದರಲ್ಲಿ ಬರೀಬೇಡ. ಈಸ್ಟರಿಗೆ ಚಾವಡೀಲಿ ಅಪ್ಪನ ಜಾಗದಲ್ಲಿ ನನ್ನ ಕೂರಿಸ್ತಾರೆ. ಮಕ್ಕಳ ಲಸಿಕೆ ಹಾಳು ಮಾಡ್ದೋನು ಅಂತ ಹೆಸರು ಬಂದ್ರೆ ನಾನೆಲ್ಲಿ ಕೂರಲಿ?”

“ಸಿಸ್ಟರ್ ಕತೆ?”

“ಅವಳು ಅವಳ ಊರಿಗೆ ಹೋಗ್ತಾಳೆ ಬಿಡು. ನಾವು ಇಲ್ಲೇ ಇರೋರು.”

ಮೈಯೆಲ್ಲ ಏಡಿಯ ನಾತ ಹತ್ತಿದ ಹಾಗಾಯಿತು. ಅವನದಲ್ಲ, ನನ್ನದೇ.

“ಇಲ್ಲ,” ಅಂದೆ.

ನಲವತ್ತೊಂದು ವರ್ಷದಲ್ಲಿ ಮೊದಲ ಸಲ. ಅವನಿಗೆ ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಅಂದೆ. ಮುಖ ಬಿಳಿಚಿಕೊಂಡು ಎದ್ದು ಹೋದ. ಚಪ್ಪಲಿ ಇಲ್ಲೇ ಬಿಟ್ಟಿದ್ದಾನೆ.

ಹನ್ನೊಂದೂವರೆ

ವರದಿ ಮೊದಲು ಇಲ್ಲೇ ಬರೆಯುತ್ತೇನೆ, ಆಮೇಲೆ ಹಾಳೆಗೆ ಇಳಿಸಿದರಾಯಿತು —

“ಆರು ಜೋಡಣೆ ಜಜ್ಜಿದವಳು ನಾನು. ಎಳೆದು ನೋಡಲಿಲ್ಲ. ಸರಿಯಿವೆ ಎಂದು ಸುಳ್ಳು ಸಹಿ ಹಾಕಿದವಳೂ, ಗಟ್ಟಿ ಇದೆ ಹೋಗಿ ಎಂದು ನರ್ಸಿಗೆ ಹೇಳಿದವಳೂ ನಾನೇ. ಫ್ರಿಜ್ಜಿನ ಬಾಗಿಲಿಗೂ ನರ್ಸಿಗೂ ಸಂಬಂಧವಿಲ್ಲ. ಸರಿಯಾದ ಇಕ್ಕಳ ಆಗ ನನ್ನ ಬಳಿ ಇರಲಿಲ್ಲ, ಯಾಕೆಂದರೆ ಫೆಬ್ರವರಿ ಐದರಂದು ಅದನ್ನು

ಅವ್ವ ಒಲೆ ಬಿಟ್ಟು ಎದ್ದು ಬಂದಳು. ನನ್ನೆದುರು ಚಾಪೆಯ ಮೇಲೆ ಕೂತಿದ್ದಾಳೆ. ಮಂಡಿ ನೋವು, ಕಾಲು ಮಡಚಲು ಆಗುವುದಿಲ್ಲ ಅವಳಿಗೆ. ಮಡಚಿದ್ದಾಳೆ. ಎರಡೂ ಕೈ ತೊಡೆಯ ಮೇಲೆ. ತಲೆ ತಗ್ಗಿಸಿದ್ದಾಳೆ. ಹುಟ್ಟಿದಾಗಿನಿಂದ ನನ್ನನ್ನು ಏನೂ ಕೇಳಿದವಳಲ್ಲ.

ಬೇಡ ಅವ್ವ. ಬಾಯಿ ತೆಗೀಬೇಡ. ನೀನೊಬ್ಬಳು ಕೇಳಿದ್ರೆ ಇಲ್ಲ ಅನ್ನೋಕೆ