ಬೇಲಿ ಕತ್ತರಿಸುವ ಮಶೀನ್

ಲಿವೋನಿಯಾ, ಗುರುವಾರ

ಸುಬಿಯಾ ಬೇಟಿಗೆ,

ನಾನು ಏಳುವ ಹೊತ್ತಿಗೆ ನೀನು ಟ್ರಕ್ ತೆಗೆದುಕೊಂಡು ಹೋಗಿರುತ್ತೀಯ. ಅದಕ್ಕೇ ಇದನ್ನು ಬರೆದು, ಸೀಟಿನ ಮೇಲೆ ಇಡಲು ನಿನ್ನ ಅತ್ತೆಗೆ ಕೊಟ್ಟಿದ್ದೇನೆ. ಐದನೇ ಕ್ಲಾಸಿನ ಅಕ್ಷರ, ನಗದೆ ಓದು. ಕಾಲು ಹೇಗಿದೆ ಅಂತ ದಿನಾ ಕೇಳಬೇಡ. ಪ್ಲಾಸ್ಟರ್ ಒಳಗಿದೆ, ಎಲ್ಲಿಗೆ ಹೋಗುತ್ತದೆ.

ಬೇಲಿಗಿಡ ಕತ್ತರಿಸಲು ಎರಡು ಹೊಸ ಮಶೀನ್ ಬೇಕು, ಪೆಟ್ರೋಲಿನದೋ ಬ್ಯಾಟರಿಯದೋ ಹೇಳಿ ಅಂತ ನೀನು ಕೇಳಿ ತಿಂಗಳಾಯಿತು. ಬ್ಯಾಟರಿಯದು ಮಕ್ಕಳಾಟದ ಸಾಮಾನು ಅಂದಿದ್ದೆ. ದಪ್ಪ ಕೊಂಬೆಗೆ ಈಗಲೂ ನನ್ನ ಪೆಟ್ರೋಲ್ ಮಶೀನೇ ಸರಿ.

ಆದರೆ ಆವತ್ತು ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನಾನು ಏಣಿಯಿಂದ ಬಿದ್ದಾಗ, ನೀನು ಬಾಡಿಗೆಗೆ ತಂದ ಬ್ಯಾಟರಿ ಮಶೀನ್ ಹಿಡಿದು ಮನೆಯ ಹಿಂದೆ ಕತ್ತರಿಸುತ್ತಿದ್ದೆ. ನಾನು ಕೂಗಿದ್ದು ಒಂದೇ ಸಲ. ನೀನು ಓಡಿ ಬಂದೆ. ನಿನ್ನ ಕೈಯಲ್ಲಿ ನನ್ನ ಮಶೀನ್ ಇದ್ದಿದ್ದರೆ ಅದರ ಗದ್ದಲದಲ್ಲಿ ನಿನಗೆ ಕೇಳಿಸದೆ, ನಾನು ಸಂಜೆವರೆಗೆ ಅಲ್ಲೇ ಬಿದ್ದಿರುತ್ತಿದ್ದೆ. "ಅಲ್ಲಾಡಬ್ಯಾಡ್ರಿ ಮಾಮಾ, ಸುಮ್ಕಿರ್ರಿ" ಅಂತ ಗದರಿಸಿದೆಯಲ್ಲ, ಮೂವತ್ತು ವರ್ಷದಲ್ಲಿ ಈ ಕೆಲಸದಲ್ಲಿ ನನ್ನನ್ನು ಯಾರೂ ಗದರಿಸಿರಲಿಲ್ಲ. ಸರಿಯಾಗೇ ಗದರಿಸಿದೆ.

ನನ್ನನ್ನು ಆಸ್ಪತ್ರೆಗೆ ಸೇರಿಸಿ, ಮರುದಿನ ಒಬ್ಬಳೇ ಹೋಗಿ ಬೇಲಿ ಮುಗಿಸಿದೆ. ಆ ಮನೆಯಾಕೆ ಫೋಟೋ ಕಳಿಸಿದ್ದಾಳೆ. ದಾರ ಹಿಡಿದ ಹಾಗೆ ನೇರವಾಗಿದೆ. ನನಗೆ ಅಷ್ಟು ನೇರ ಬರಲು ಹತ್ತು ವರ್ಷ ಹಿಡಿದಿತ್ತು.

ಎರಡೂ ಬ್ಯಾಟರಿಯದೇ ತಗೋ. ಒಂದೊಂದಕ್ಕೆ ಎರಡೆರಡು ಬ್ಯಾಟರಿ ಇರಲಿ. ಪ್ಲಾಸ್ಟರ್ ಬಿಚ್ಚಿದ ಮೇಲೆ ನನಗೂ ಅದನ್ನೇ ಕೊಡು. ಇನ್ನು ಏಣಿ ಹತ್ತುವವಳು ನೀನು. ನೀನು ಕೂಗಿದರೆ ನನಗೆ ಕೇಳಿಸಬೇಕು.

ನಿನ್ನ ಮಾವ,
ದಸ್ತಗೀರ್