ನಮ್ಮ ಬೆಂಚು ಬಾಗಿಲ ಮುಂದಕ್ಕೇ ಬರಲಿ

ಬೆಂಚು ಎತ್ತಿಸಿದ ಮಾನ್ಯರೇ,

ಅಂಗವಿಕಲ ಮಕ್ಕಳ ಚಿಕಿತ್ಸಾ ಕೇಂದ್ರದ ಮೇಲಧಿಕಾರಿಗಳಾದ ತಮಗೆ ನಮಸ್ಕಾರ. ವ್ಯಾಯಾಮದ ಕೋಣೆಯ ಹೊರಗೆ ಒಂದು ಕಾಲು ಗಿಡ್ಡವಾದ ಉದ್ದನೆಯ ಬೆಂಚಿತ್ತು. ತಾಯಂದಿರು ಅದರ ಮೇಲೆ ಕೂತು ಜೋರಾಗಿ ನಗುತ್ತಾರೆಂದು ತಾವು ಅದನ್ನು ತೆಗೆಸಿ, ಅಲ್ಲಿ ‘ಗದ್ದಲ ಮಾಡಬಾರದು’ ಎಂಬ ಬೋರ್ಡು ನಿಲ್ಲಿಸಿದ್ದೀರಿ. ಬೋರ್ಡಿನ ಮೇಲೆ ಕೂರಲು ಬರುವುದಿಲ್ಲ ಸ್ವಾಮಿ.

“ಇಂಥ ಮಕ್ಕಳನ್ನಿಟ್ಕೊಂಡು ಇವರಿಗೆ ನಗು ಬೇರೆ!” ಎಂದು ತಮ್ಮ ಕಚೇರಿಯಲ್ಲಿ ಯಾರೋ ಅಂದರಂತೆ. ಅಳುವುದನ್ನು ನಾವು ಮನೆಯಲ್ಲೇ ಮುಗಿಸಿಕೊಂಡು ಬಂದಿರುತ್ತೇವೆ. ಅದಕ್ಕೆ ಬೆಂಚು ಬೇಕಿಲ್ಲ. ಇಪ್ಪತ್ತರ ಮಗಳನ್ನು ಎತ್ತಿ, ಮೀಯಿಸಿ, ತಿನ್ನಿಸಿ, ಬಸ್ಸು ಹತ್ತಿಸಿ ತರುವಷ್ಟರಲ್ಲಿ ನನ್ನ ಸೊಂಟ ನನಗಿಂತ ಮೊದಲೇ ದೇವರನ್ನು ನೆನೆದಿರುತ್ತದೆ. ಅವಳು ಒಳಗೆ ಹೋದ ಮೇಲಿನ ಹೊತ್ತಷ್ಟೇ ನನ್ನದು. ಆಗ ನಕ್ಕರೆ ಯಾವ ಕಾಯಿದೆ ಮುರಿಯಿತು?

ನಕ್ಕದ್ದಾದರೂ ಯಾಕೆ, ಕೇಳಿ. ನಮ್ಮ ಬೆಂಚಿನವಳೇ, ಬಟ್ಟೆ ಹೊಲಿಯುವ ಅಕ್ಕ, ತನ್ನ ಮಗನ ಕಥೆ ಹೇಳುತ್ತಿದ್ದಳು: “ನಿನ್ನೆ ನಮ್ಮ ಮಹರಾಯ, ಹೊಲಿಯೋಕೆ ಕೊಟ್ಟಿದ್ದ ಗಿರಾಕಿಯೊಬ್ಬಳ ಗೌನು ಹಾಕ್ಕೊಂಡು ಬಾಗಿಲಲ್ಲಿ ನಿಂತಿದಾನೆ ಕಣ್ರೇ, ಅಷ್ಟರಲ್ಲಿ ಅವಳೇ ಬಂದ್ಲು! ನಾನು ಸತ್ತೆ ಅಂದ್ಕೊಂಡೆ. ಅವಳು ಇವನ್ನ ಮೇಲಿಂದ ಕೆಳಗೆ ನೋಡಿ, ‘ಸೊಂಟದ ಹತ್ರ ಸ್ವಲ್ಪ ಬಿಗಿ ಮಾಡ್ಬೇಕು’ ಅಂದ್ಲು!”

ತಾವಾದರೆ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದಿರಾ?

ಆವತ್ತೇ ಒಳಗೊಂದು ಸಂಗತಿ ನಡೆಯಿತು. ನನ್ನ ಮಗಳಿಗೆ ಮಾತಿಲ್ಲ, ಕಾಲಲ್ಲಿ ಕಸುವು ಕಡಿಮೆ. ವ್ಯಾಯಾಮದ ಮೇಷ್ಟ್ರು ಎಷ್ಟು ಪುಸಲಾಯಿಸಿದರೂ ಕಂಬಿ ಹಿಡಿದು ನಿಲ್ಲುವಳೇ ಹೊರತು ಹೆಜ್ಜೆ ಕೀಳುತ್ತಿರಲಿಲ್ಲ. ನಮ್ಮ ನಗು ಕೇಳಿದ್ದೇ ತಡ, ತನ್ನನ್ನು ಬಿಟ್ಟು ಅಮ್ಮ ಅದೇನು ಮಜಾ ಮಾಡುತ್ತಿದ್ದಾಳೆಂದು ನೋಡಲು ಕಂಬಿ ಹಿಡಿದುಕೊಂಡೇ ಬಾಗಿಲ ಕಡೆ ಹೊರಟಿದ್ದಾಳೆ! ನಾನು ಗಾಬರಿಯಾಗಿ ಎದ್ದರೆ ಮೇಷ್ಟ್ರು ಒಳಗಿಂದಲೇ ಕೂಗಿದರು: “ಅಮ್ಮಾ, ಬರಬೇಡಿ! ಅಲ್ಲೇ ಕೂತು ನಗ್ತಾ ಇರಿ!”

ಈಗ ಬೆಂಚಿಲ್ಲದೆ ನಮ್ಮಲ್ಲಿ ಒಬ್ಬಳು ಗೇಟಿನ ಹತ್ತಿರ, ಒಬ್ಬಳು ಮೆಟ್ಟಿಲ ಕೆಳಗೆ. ಮಗಳು ಹೊರಗಡೆಗೆ ಕಿವಿಗೊಟ್ಟು ನಿಂತಲ್ಲೇ ನಿಂತಿದ್ದಾಳೆ. ಬಾಗಿಲ ಮುಂದೆ ನಾನೊಬ್ಬಳೇ ನಕ್ಕು ನೋಡಿದೆ. ಕಾವಲುಗಾರ ಗಾಬರಿಯಾಗಿ ನೀರು ತಂದುಕೊಟ್ಟ.

ಇಷ್ಟರ ಮೇಲೆ ಹೋದ ವಾರ ತಾವೇ ದೊಡ್ಡ ಹಾಲಿನಲ್ಲಿ ‘ತಾಯಂದಿರ ನೆಮ್ಮದಿ’ ಎಂಬ ಭಾಷಣ ಇಡಿಸಿದಿರಿ. “ದಿನಾ ಮನಸಾರೆ ನಗಿ” ಎಂದರು ಭಾಷಣಕಾರರು. ಎಲ್ಲಿ ಕೂತು ಎಂದು ಕೇಳಲು ಎದ್ದೆ, ಕೆಳಗೇನೋ ಓಲಾಡಿತು. ನೋಡಿದರೆ, ಕೂತಿದ್ದದ್ದು ನಮ್ಮ ಬೆಂಚಿನ ಮೇಲೇ!

ದೇವರು ಈ ಮಗಳನ್ನು ಕೊಡುವಾಗ ನನ್ನ ನಗುವನ್ನು ವಾಪಸು ಕೇಳಲಿಲ್ಲ, ತಾವೂ ಕೇಳಬೇಡಿ. ಸೋಮವಾರ ನಾವು ಬರುವಷ್ಟರಲ್ಲಿ ಬೆಂಚು ಅದರ ಜಾಗದಲ್ಲಿರಲಿ. ಹೊತ್ತು ತರಲು ಜನವಿಲ್ಲವೆಂದರೆ ಹಾಲಿನ ಬಾಗಿಲು ತೆಗೆಸಿ ಸಾಕು. ಬೆಳೆದ ಮಕ್ಕಳನ್ನು ದಿನಾ ಎತ್ತುವವರಿಗೆ ಬೆಂಚು ಯಾವ ಭಾರ?

ಇಂತಿ,
ಸದ್ಯಕ್ಕೆ ನಿಂತುಕೊಂಡೇ ಇರುವ,
ಜೋರು ನಗುವಿನ ಒಬ್ಬ ತಾಯಿ